ಕೈ ನೋವಿಗೆ ಮೂರು ಪ್ರಶ್ನೆ: ತುಳಸಿಗೇರಿ, ಕಾಶಿ, ಇಳಕಲ್

(ಭಾಗ 1/7)

ಒಂದು ಮುಂಜಾನೆ ಏಳ್ತೀರಿ. ರಾತ್ರಿ ಮಲಗುವಾಗ ಚೊಲೋ ಇದ್ದ ಬಲಗೈ ಈಗ ಮೇಲಕ್ಕೇ ಏಳವಲ್ದು. ಬಿದ್ದಿಲ್ಲ, ಪೆಟ್ಟು ತಿಂದಿಲ್ಲ, ಚೀಲ ಹೊತ್ತಿಲ್ಲ. ಅಂಗಿಯ ತೋಳಿಗೆ ಕೈ ತೂರಿಸೋದರೊಳಗ ಕಣ್ಣಾಗ ನೀರು. ಮನೆಯವರು ತಲೆಗೊಂದು ಮಾತು ಹೇಳ್ತಾರ. "ವಾಯು ಹಿಡದೈತಿ." "ಮಗ್ಗಲಾ ಬದಲಿ ಮಲಗಿರಬೇಕು, ಉಳುಕೈತಿ." "ಯಾರದೋ ದೃಷ್ಟಿ." ಕೊನೆಗೆ ಹಿರಿಯರೊಬ್ಬರು: "ತುಳಸಿಗೇರಿ ಹನಮಪ್ಪಗ ಒಂದು ಕಾಯಿ ಬೇಡ್ಕೊ."

ತುಳಸಿಗೇರಿ ಗೊತ್ತಿಲ್ಲದವರಿಗೆ ಒಂದು ಮಾತು. ಬಾಗಲಕೋಟೆಯಿಂದ ಕಲಾದಗಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಹಳ್ಳಿ ಅದು. ಊರು ಸಣ್ಣದು, ಹೆಸರು ದೊಡ್ಡದು. ಹೆಸರು ಬಂದದ್ದು ಅಲ್ಲಿಯ ಹನುಮಂತನಿಂದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡುಮಗನಿಗೆ ತುಳಸಿಗಿರಿ, ತುಳಸಿಗಿರೀಶ ಅಂತ ಹೆಸರಿಡುತ್ತಾರೆ. ಶನಿವಾರ ಗುಡಿಯ ಮುಂದೆ ನಿಂತು ನೋಡಿ. ಸಾಲಿನಲ್ಲಿ ಬರೋರೆಲ್ಲ ಮದುವೆ, ನೌಕರಿ, ಮಕ್ಕಳ ಸಲುವಾಗಿ ಮಾತ್ರ ಬಂದಿರೋದಿಲ್ಲ. ಸೊಂಟ, ಮೊಣಕಾಲು, ಹೆಗಲು ಅಂತ ಬೇಡಿಕೊಳ್ಳೋಕೆ ಬಂದವರೂ ಇರುತ್ತಾರೆ.

ಕಾರಣ ತಿಳಿಯದ ಕೈ ನೋವು, ಅದನ್ನು ನೀಗಿಸಿಕೊಳ್ಳಲು ಮನುಷ್ಯ ಮಾಡಿದ ಪ್ರಯತ್ನ: ಈ ಸರಣಿಯ ವಿಷಯ ಇಷ್ಟೇ. ಸಣ್ಣ ವಿಷಯ ಅನಿಸಬಹುದು. ಕೊನೆಯ ತನಕ ಓದಿ. ಇದರಲ್ಲಿ ಒಂದು ಜೀವ ಉಳಿಸುವ ಮಾತೂ ಇದೆ.

(ಭಾಗ 2/7)

ಮೊದಲು "ವಾಯು" ಅನ್ನೋ ಮಾತನ್ನೇ ಹಿಡಿಯೋಣ. ಅಜ್ಜಿ ಸುಮ್ಮನೆ ಆಡಿದ ಮಾತಲ್ಲ ಅದು.

ಸುಶ್ರುತ ಸಂಹಿತೆಯಲ್ಲಿ ನಿದಾನಸ್ಥಾನ ಅಂತ ಒಂದು ಭಾಗವಿದೆ. ರೋಗದ ಕಾರಣ, ಲಕ್ಷಣ ಹೇಳುವ ಭಾಗ. ಅದರ ಮೊದಲನೆಯ ಅಧ್ಯಾಯವೇ ವಾತರೋಗಗಳದ್ದು. ಅಲ್ಲಿ ತೋಳಿನ ನೋವಿಗೆ ಬೇರೆ ಬೇರೆ ಹೆಸರುಗಳಿವೆ. ಹೆಗಲಲ್ಲಿ ನೆಲೆಸಿದ ವಾಯು ಅಲ್ಲಿಯ ಕಟ್ಟನ್ನು ಒಣಗಿಸಿ, ಸಿರೆಗಳನ್ನು ಮುದುಡಿಸಿದರೆ ಅದು "ಅವಬಾಹುಕ". ತೋಳಿನಿಂದ ಬೆರಳಿನ ತನಕ ಇಳಿದು ಕೈಯ ಕೆಲಸವನ್ನೇ ಕೆಡಿಸಿದರೆ ಅದು "ವಿಶ್ವಾಚಿ". ಇವತ್ತು ಡಾಕ್ಟರ್ ಹತ್ತಿರ ಹೋದರೂ ಅವರು ಮೊದಲು ಬೇರ್ಪಡಿಸುವುದು ಹೆಚ್ಚುಕಮ್ಮಿ ಇದನ್ನೇ: ಹೆಗಲು ಬಿಗಿದಿದೆಯೋ, ಇಲ್ಲ ಕುತ್ತಿಗೆಯಲ್ಲಿ ನರ ಒತ್ತಿ ನೋವು ಬೆರಳಿಗೆ ಇಳಿಯುತ್ತಿದೆಯೋ. ವಿವರಣೆ ಬೇರೆ. ಆದರೆ "ನೋವು ಎಲ್ಲಿಂದ ಎಲ್ಲಿಗೆ ಹೋಗ್ತೈತಿ?" ಅಂತ ಕೇಳಿದ ಕಿವಿ ಒಂದೇ.

ಪರಿಹಾರ? ಎಣ್ಣೆ ಮತ್ತು ಬಿಸಿ. ನಮ್ಮ ಮನೆಗಳಿಗೆ ಅದೇ ಇಳಿದು ಬಂದಿದೆ: ಬಿಸಿ ಹರಳೆಣ್ಣೆ, ಬಟ್ಟೆಯಲ್ಲಿ ಕಟ್ಟಿದ ಹುರಿದ ಉಪ್ಪಿನ ಶಾಖ, ಲಕ್ಕಿ ತಪ್ಪಲು ಕುದಿಸಿದ ನೀರು. ಬಿಗಿದ ಸ್ನಾಯುವಿಗೆ ಬಿಸಿ ತಾಗಿದರೆ ರಕ್ತದ ಹರಿವು ಹೆಚ್ಚುತ್ತದೆ, ಬಿಗಿ ಸಡಿಲುತ್ತದೆ. ಸಾಮಾನ್ಯ ಸ್ನಾಯು ನೋವಿಗೆ ಇದು ಇವತ್ತಿಗೂ ಒಳ್ಳೆಯದೇ.

ಆದರೆ ಎಲ್ಲ ಕೈ ನೋವೂ ಶಾಖಕ್ಕೆ ಬಗ್ಗೋದಿಲ್ಲ. ಬಗ್ಗದ ನೋವಿನ ಮುಂದೆ ಕೂತ ಒಬ್ಬ ದೊಡ್ಡ ಕವಿಯ ಕಥೆ ಮುಂದಿನ ಭಾಗದಲ್ಲಿ.

(ಭಾಗ 3/7)

ಕಾಶಿ. 17ನೆಯ ಶತಮಾನದ ಆರಂಭ. ರಾಮಚರಿತಮಾನಸ ಬರೆದ ತುಳಸೀದಾಸರಿಗೆ ವಯಸ್ಸಾಗಿದೆ. ತೋಳಿನಲ್ಲಿ ತಡೆಯಲಾರದ ನೋವು. (ತುಳಸೀದಾಸರಿಗೂ ತುಳಸಿಗೇರಿಗೂ ಸಂಬಂಧ ಹೆಸರಿನಲ್ಲಿ ಮಾತ್ರ. ಹನುಮಂತ ಮಾತ್ರ ಇಬ್ಬರಿಗೂ ಒಬ್ಬನೇ.)

ಆ ನೋವಿನಲ್ಲೇ ಅವರು ಬ್ರಜ ಭಾಷೆಯಲ್ಲಿ 44 ಪದ್ಯಗಳ "ಹನುಮಾನ್ ಬಾಹುಕ" ಬರೆದರು. ಬಾಹು ಅಂದರೆ ತೋಳು. ಒಂದು ಕೈ ನೋವಿನ ಮೇಲೆ ಇಡೀ ಒಂದು ಕೃತಿ!

ಇದನ್ನು ಬರೀ ಸ್ತೋತ್ರ ಅಂತ ಓದಿದರೆ ಅರ್ಧ ತಪ್ಪಿಹೋಗುತ್ತದೆ. ಒಬ್ಬ ರೋಗಿ ತನ್ನ ರೋಗದ ಬಗ್ಗೆ ಬರೆದಿಟ್ಟ ದಾಖಲೆ ಇದು. ಔಷಧ ಮಾಡಿದೆ, ಯಂತ್ರ ಕಟ್ಟಿದೆ, ಮಂತ್ರ ಹಾಕಿಸಿದೆ, ಟೋಟಕ ಮಾಡಿದೆ, ದೇವರುಗಳನ್ನು ಬೇಡಿದೆ, ನೋವು ಹೆಚ್ಚುತ್ತಲೇ ಹೋಯಿತು ಅಂತ ಬರೆಯುತ್ತಾರೆ. ನೋವು ತೋಳಿನಲ್ಲೇ ನಿಲ್ಲಲಿಲ್ಲ. ಕಾಲು, ಹೊಟ್ಟೆ, ಬಾಯಿ, ಇಡೀ ಮೈಗೆ ಹರಡಿತು ಅಂತಲೂ ಹೇಳುತ್ತಾರೆ. ಮತ್ತೆ ಕಾರಣ ಹುಡುಕುತ್ತಾರೆ. ಇದು ಕಾಲದ ಕ್ರೌರ್ಯವೋ, ಕರ್ಮವೋ, ಪಾಪದ ಫಲವೋ, ಅಥವಾ ಸಹಜವಾಗಿ ಕೆರಳಿದ ವಾತವೋ?

ಆ ಕೊನೆಯದನ್ನು ಗಮನಿಸಿ. ಅಷ್ಟು ದೊಡ್ಡ ಭಕ್ತರೂ "ಇದು ದೇಹದ ಸಹಜ ತೊಂದರೆ ಇರಬಹುದು" ಅನ್ನೋ ಬಾಗಿಲನ್ನು ಮುಚ್ಚಲಿಲ್ಲ.

ಹನುಮಂತ ಕಾಪಾಡಿದ ಅನ್ನೋ ಮಾತೂ ಆ ಕೃತಿಯೊಳಗೇ ಬರುತ್ತದೆ. ಆದರೆ ಕೊನೆಯ ಪದ್ಯ ಮುಗಿಯೋದು ಬೇರೆ ರೀತಿ. ನಿಮ್ಮಿಂದ ಆಗದಿದ್ದರೆ ಹೇಳಿಬಿಡಿ, ಬಿತ್ತಿದ್ದನ್ನೇ ಕೊಯ್ಯುತ್ತಿದ್ದೇನೆ ಅಂದುಕೊಂಡು ನಾನೂ ಸುಮ್ಮನಿರುತ್ತೇನೆ ಎನ್ನುತ್ತಾರೆ. 1623ರಲ್ಲಿ ಅವರು ಕಾಶಿಯಲ್ಲೇ ತೀರಿಕೊಂಡರು.

"ನಾನು ಏನು ಪಾಪ ಮಾಡಿದ್ದೆ?" ನೋವಿನಲ್ಲಿರುವವರು ಇವತ್ತಿಗೂ ಕೇಳುವ ಮೊದಲ ಪ್ರಶ್ನೆ ಇದೇ ಅಲ್ವಾ?

(ಭಾಗ 4/7)

ತುಳಸೀದಾಸರು ತೀರಿಕೊಂಡ ಹತ್ತು ವರ್ಷಕ್ಕೆ, 1633ರಲ್ಲಿ, ಇಟಲಿಯಲ್ಲಿ ಬರ್ನಾರ್ಡಿನೊ ರಾಮಜ್ಜಿನಿ ಹುಟ್ಟಿದ. ಮುಂದೆ ವೈದ್ಯನಾದ. ನೋವಿನ ಮುಂದೆ ಬೇರೆಯದೇ ಪ್ರಶ್ನೆ ಇಟ್ಟವನು ಈತ.

ಮೊದೆನಾ ಊರಿನಲ್ಲಿ ಅವನ ಮನೆಯ ಪಾಯಖಾನೆ ಗುಂಡಿ ತೆಗೆಯಲು ಒಬ್ಬ ಕೂಲಿಯವನು ಬಂದಿದ್ದ. ಅವನು ಗಡಿಬಿಡಿಯಲ್ಲಿ ದುಡಿಯುವುದನ್ನು ನೋಡಿ, ಯಾಕಿಷ್ಟು ಅವಸರ ಅಂತ ಕೇಳಿದ. ಆ ಗುಂಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣೇ ಹೋಗುತ್ತವೆ ಅನ್ನೋ ಉತ್ತರ ಬಂತು. ಆ ಮಾತು ರಾಮಜ್ಜಿನಿಯನ್ನು ಬಿಡಲಿಲ್ಲ. ಊರಿನ ಕಸುಬುದಾರರ ಅಂಗಡಿ, ಕಾರ್ಖಾನೆ ಸುತ್ತಿದ. 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಪುಸ್ತಕ ಬರೆದ.

ಅವನ ಮಾತು ಸರಳ. ವೈದ್ಯನು ಬಡವನ ಮನೆಗೆ ಹೋದರೆ ನಾಡಿ ಹಿಡಿದು ಓಡಬಾರದು. ಮೂರು ಕಾಲಿನ ಮಣೆಯಾದರೂ ಸರಿ, ಚಿನ್ನದ ಕುರ್ಚಿ ಅಂದುಕೊಂಡು ಕೂರಬೇಕು. ಹಳೇ ಗ್ರೀಕ್ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದು ಕೇಳಬೇಕು: "ನೀನು ಏನು ಕೆಲಸ ಮಾಡ್ತೀ?"

1713ರ ಎರಡನೆಯ ಆವೃತ್ತಿಯಲ್ಲಿ ಬರಹಗಾರರ ಬಗ್ಗೆ ಒಂದು ಅಧ್ಯಾಯವಿದೆ. ಜೀವನಪೂರ್ತಿ ಬರೆದೇ ಬದುಕಿದ ಒಬ್ಬ ದಸ್ತಾವೇಜು ಬರಹಗಾರನ ಬಲತೋಳು ಸೋತು ಬಂತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಅವನು ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ದಿನಕ್ಕೆ ಎಡಗೈಗೂ ಅದೇ ಗತಿ ಬಂತು.

ಅಂದರೆ ಕೈಯಲ್ಲಿ ಪಾಪ ಇರಲಿಲ್ಲ. ಬಿಡುವಿಲ್ಲದ ಕೆಲಸ ಇತ್ತು.

(ಭಾಗ 5/7)

ಈಗ ಅದೇ ಪ್ರಶ್ನೆ ಹಿಡಿದು ನಮ್ಮ ಜಿಲ್ಲೆಗೆ ವಾಪಸ್ ಬರೋಣ. ತುಳಸಿಗೇರಿ ಬಾಗಲಕೋಟೆಯ ಪಶ್ಚಿಮಕ್ಕಿದ್ದರೆ ಇಳಕಲ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ. ಸೀರೆ ಎಲ್ಲರಿಗೂ ಗೊತ್ತು. ಕೆಂಪು ರೇಷ್ಮೆ ಸೆರಗು, ಗೋಮಿ, ಚಿಕ್ಕಿಪರಾಸ್ ದಡಿ. ನೇಯ್ದ ತೋಳು ಎಷ್ಟು ಮಂದಿಗೆ ಗೊತ್ತು?

ಕುಣಿಮಗ್ಗದಲ್ಲಿ ನೇಕಾರ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಕಾಲು ತುಳಿಯುತ್ತದೆ, ಒಂದು ಕೈ ಹಗ್ಗ ಜಗ್ಗಿ ಲಾಳಿ ಹಾರಿಸುತ್ತದೆ, ಇನ್ನೊಂದು ಕೈ ಎಳೆಯನ್ನು ಬಡಿದು ಕೂರಿಸುತ್ತದೆ. ಈ ಹಾರುವ ಲಾಳಿ 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದ ಉಪಾಯ. ಅದಕ್ಕೂ ಮೊದಲು ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಸೆಯಬೇಕಿತ್ತು. ಕೆಲಸ ಬೇಗ ಆಯಿತು ಖರೆ. ಆದರೆ ಹೆಗಲಿಗೆ ಅದೇ ಜಗ್ಗು ಇನ್ನೂ ಹೆಚ್ಚು ಸಲ.

ಒಂದು ಲೆಕ್ಕ ಹಾಕಿ ನೋಡೋಣ. ಇಂಚಿಗೆ ಬರೀ 50 ಹೊಕ್ಕಿನ ಎಳೆ ಅಂದುಕೊಳ್ಳಿ. ಗಜಕ್ಕೆ 36 ಇಂಚು. ಒಂಬತ್ತು ಗಜದ ಸೀರೆಗೆ 16,200 ಸಲ ಹಗ್ಗ ಜಗ್ಗಬೇಕು, ಅದಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಬಡಿಯಬೇಕು. ಇದು ಒಂದೇ ಸೀರೆಗೆ.

ಇದರ ಮೇಲೆ ಕೊಂಡಿ. ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ವಿಶೇಷ ವಿದ್ಯೆ. ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಕುತ್ತಿಗೆ ಬಗ್ಗಿಸಿ, ಬೆರಳ ತುದಿಯಲ್ಲಿ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಕೈಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಗುಳೇದಗುಡ್ಡದಲ್ಲಿ ಖಣ ನೇಯುವವರದ್ದೂ.

ಇಂಥ ತೋಳು ಒಂದು ಮುಂಜಾನೆ ಎದ್ದು "ಆಗೂದಿಲ್ಲ" ಅಂದರೆ ಅದು "ಸಡನ್" ಅಲ್ಲ. ನೋವು ಕಾಣಿಸಿದ ದಿನ ಒಂದೇ, ಕೂಡಿದ ದಿನಗಳು ಸಾವಿರ. ಮಗ್ಗ ಇಲ್ಲದವರೂ ನಗಬೇಡಿ. ಈ ಕ್ಯಾಪ್ಶನ್ ಓದ್ತಾ ಹೆಬ್ಬೆರಳಿನಿಂದ ಎಷ್ಟು ಸಲ ಮೇಲೆ ತಳ್ಳಿದಿರಿ? ಕುತ್ತಿಗೆ ಎಷ್ಟು ಬಗ್ಗಿದೆ?

(ಭಾಗ 6/7)

ಇನ್ನು ಮೂರನೆಯ ಪ್ರಶ್ನೆ. ಮೊದಲೇ ಹೇಳಿದ ಜೀವ ಉಳಿಸುವ ಮಾತು ಇದೇ. ಇದೊಂದನ್ನಾದರೂ ಮನೆಯವರಿಗೆ ಓದಿ ಹೇಳಿ.

ಲಂಡನ್, 1768. ವಿಲಿಯಂ ಹೆಬರ್ಡೆನ್ ಅನ್ನೋ ವೈದ್ಯರು ತಮ್ಮ ಸಹವೈದ್ಯರ ಮುಂದೆ ಒಂದು ಪ್ರಬಂಧ ಓದಿದರು. 1772ರಲ್ಲಿ ಅದು ಅಚ್ಚಾಯಿತು. ಕೆಲವರಿಗೆ ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟ ಆದ ಮೇಲೆ, ಎದೆ ಹಿಂಡಿದ ಹಾಗೆ ಆಗುತ್ತದೆ. ನಿಂತರೆ ಹೋಗುತ್ತದೆ. ಎಷ್ಟೋ ಸಲ ಆ ನೋವು ಎಡತೋಳಿಗೂ ಇಳಿಯುತ್ತದೆ. ಇದಕ್ಕೆ ಅವರು "ಆಂಜೈನಾ ಪೆಕ್ಟೋರಿಸ್" ಅಂತ ಹೆಸರಿಟ್ಟರು. ಆಮೇಲಿನ ವೈದ್ಯರು ಇದರ ಮೂಲ ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿದೆ ಅಂತ ಗುರುತಿಸಿದರು.

ಹೃದಯದ ನೋವು ಕೈಗೆ ಯಾಕೆ ಬರಬೇಕು? ಹೃದಯದಿಂದ ಬರುವ ನೋವಿನ ನರಗಳೂ ತೋಳಿನ ಒಳಬದಿಯಿಂದ ಬರುವ ನರಗಳೂ ಬೆನ್ನುಹುರಿಯಲ್ಲಿ ಅಕ್ಕಪಕ್ಕದಲ್ಲೇ ಸೇರುತ್ತವೆ. ಮಿದುಳು ವಿಳಾಸ ತಪ್ಪು ಓದುತ್ತದೆ. ನೋವು ಹೃದಯದ್ದು, ಅನಿಸೋದು ಕೈಯಲ್ಲಿ.

ಅದಕ್ಕೇ ಕೇಳಬೇಕಾದ್ದು: "ಈ ನೋವು ಕೈಯದೇನಾ?"

ಕೈ ಅಲುಗಾಡಿಸಿದಾಗ, ಒತ್ತಿದಾಗ ಹೆಚ್ಚಾದರೆ ಬಹುಮಟ್ಟಿಗೆ ಅದು ಸ್ನಾಯು, ಕೀಲಿನದು. ಆದರೆ ಎದೆ ಬಿಗಿತ, ತಣ್ಣನೆ ಬೆವರು, ಉಸಿರಾಟದ ಕಷ್ಟ, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು ಜೊತೆಗಿದ್ದರೆ ಶಾಖ ಬೇಡ, ಎಣ್ಣೆ ಬೇಡ, "ಗ್ಯಾಸ್ ಇರಬೇಕು" ಅನ್ನೋ ಮಾತೂ ಬೇಡ. ತಕ್ಷಣ 108. ಹೆಣ್ಣುಮಕ್ಕಳಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆ ನೋವು ಇಲ್ಲದೆಯೂ ಹೃದಯಾಘಾತ ಆಗಬಹುದು. ಬಲಗೈಗೂ ಬರಬಹುದು. ಕೈ ನೋವಿನ ಬದಲು ಕೈ ಏಕಾಏಕಿ ಶಕ್ತಿಗುಂದಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಅದಕ್ಕೂ 108.

2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಪುನೀತ್ ರಾಜ್‌ಕುಮಾರ್ ಹೋದಾಗ ಇಡೀ ನಾಡು ಅತ್ತಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ದೂರದ ದೊಡ್ಡ ಊರಿಗೆ ಓಡುವ ಮೊದಲು ಹತ್ತಿರದ ಬಾಗಿಲು ಬಡಿಯಿರಿ.

(ಭಾಗ 7/7)

ಹಾಗಾದರೆ ಮೂರು ಪ್ರಶ್ನೆ.

ಒಂದು, ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಸುಶ್ರುತ ಸಂಹಿತೆಯಷ್ಟು ಹಳೆಯದು.
ಎರಡು, ನೀನು ಏನು ಕೆಲಸ ಮಾಡುತ್ತೀ? ರಾಮಜ್ಜಿನಿಯದು.
ಮೂರು, ಇದು ಕೈಯ ನೋವೇನಾ? ಹೆಬರ್ಡೆನ್ ಹಾಕಿಕೊಟ್ಟ ದಾರಿ.

ಸಾಮಾನ್ಯ ಸ್ನಾಯು ನೋವಾದರೆ ಎರಡು ಮೂರು ದಿನ ಆ ಕೆಲಸ ಬಿಡಿ. ಹದವಾದ ಶಾಖ ಕೊಡಿ. ಕೈಯನ್ನು ಪೂರಾ ಕಟ್ಟಿಹಾಕಬೇಡಿ, ನೋಯದಷ್ಟು ಅಲುಗಾಡಿಸುತ್ತಿರಿ. ಉಳುಕು ತೆಗೆಯುತ್ತೇನೆ ಅಂತ ಯಾರಾದರೂ ಜೋರಾಗಿ ಜಗ್ಗಲು ಬಂದರೆ ಕೈ ಕೊಡಬೇಡಿ. ಬೆರಳು ಜೋಮು ಹಿಡಿದರೆ, ಹಿಡಿತ ಕಡಿಮೆಯಾದರೆ, ಕೈ ಊದಿ ಬಿಸಿಯಾದರೆ, ಜ್ವರ ಬಂದರೆ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಹೆಗಲು ಬಿಗಿದುಕೊಳ್ಳೋದು ಹೆಚ್ಚು; ಕೊಲೆಸ್ಟ್ರಾಲ್ ಮಾತ್ರೆಗಳಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿ. ಅವರು ಕೇಳದಿದ್ದರೂ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ತಾಸು ಅಂತ ನೀವೇ ಹೇಳಿ.

ಮತ್ತೆ ತುಳಸಿಗೇರಿ? ಹೋಗಿ ಬನ್ನಿ. ಹನುಮಂತ ವಾಯುಪುತ್ರ. ವಾಯುವಿನ ನೋವನ್ನು ವಾಯುವಿನ ಮಗನ ಹತ್ತಿರ ಹೇಳಿಕೊಳ್ಳುವುದರಲ್ಲಿ ನಮ್ಮ ಹಿರಿಯರಿಗೆ ಒಂದು ಲೆಕ್ಕ ಇತ್ತು, ಒಂದು ಸಮಾಧಾನವೂ ಇತ್ತು. ಕಾಯಿ ಒಡೆಸಿ, ಕಟ್ಟೆಯ ಮೇಲೆ ಒಂದು ಗಳಿಗೆ ಕೂರಿ. ಪಕ್ಕದಲ್ಲಿ ಹೆಗಲು ಹಿಡಿದುಕೊಂಡು ಕೂತ ಅವ್ವನೋ ಕಾಕಾನೋ ಇದ್ದರೆ "ಏನು ಕೆಲಸ ಮಾಡ್ತೀರಿ? ಎದಿಯಾಗೇನರ ತ್ರಾಸ ಆಗತೈತೇನ್ರಿ?" ಅಂತ ಕೇಳಿ. ಆ ಎರಡು ಮಾತನ್ನು ಅವರಿಗೆ ಇನ್ನೂ ಯಾರೂ ಕೇಳಿರಲಿಕ್ಕಿಲ್ಲ.

ನಿಮ್ಮ ಮನೆಯಲ್ಲಿ ಮಗ್ಗದ ಮೇಲೆ, ಹೊಲದಲ್ಲಿ, ಒಲೆ ಮುಂದೆ ತೋಳು ಸವೆಸಿದವರು ಯಾರು? ಅವರ ಕೆಲಸದ ಕಥೆಯನ್ನು ಕೆಳಗೆ ಬರೀರಿ. ಮುಂದಿನ ಸರಣಿ ಅವರದೇ.

#ತುಳಸಿಗೇರಿ #ಇಳಕಲ್ #ಬಾಗಲಕೋಟೆ #ನೇಕಾರರು #ನಮ್ಮಇತಿಹಾಸ