ಸಿಂಗಾಪುರದ ಹಾಕರ್ ಕೇಂದ್ರಗಳು ಮತ್ತು ನೂಡಲ್ಸ್ ಮಳಿಗೆಗಳು

ಹಾಕರ್ ಕೇಂದ್ರ ಎಂಬುದು ಸಿಂಗಾಪುರದಲ್ಲಿ ಹಲವಾರು ಸಣ್ಣ ಅಡುಗೆ ಮಳಿಗೆಗಳು ಒಂದೇ ಸೂರಿನಡಿ ನಡೆಯುವ ಸಾರ್ವಜನಿಕ ಭೋಜನಸ್ಥಳ. ಬೀದಿಬದಿಯಲ್ಲಿ ಆಹಾರ ಮಾರುತ್ತಿದ್ದವರಿಗೆ ಪುನರ್ವಸತಿ ಕಲ್ಪಿಸಲು ಸರ್ಕಾರವು 1971ರಿಂದ 1986ರವರೆಗಿನ ಅವಧಿಯಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ನಿರ್ಮಿಸಿತು. ಇಂದು ದೇಶದಲ್ಲಿ 110ಕ್ಕೂ ಹೆಚ್ಚು ಹಾಕರ್ ಕೇಂದ್ರಗಳಿವೆ. ಚೀನೀ, ಮಲಯ ಮತ್ತು ಭಾರತೀಯ ಮೂಲದ ನೂಡಲ್ಸ್ ಖಾದ್ಯಗಳು ಇಲ್ಲಿನ ಪ್ರಮುಖ ಆಹಾರಗಳಲ್ಲಿ ಸೇರಿವೆ. ಇದೇ ಪರಂಪರೆಗೆ ಸೇರಿದ ಕಾಫಿ ಅಂಗಡಿಗಳನ್ನು ಕೋಪಿಟಿಯಾಮ್ ಎನ್ನುತ್ತಾರೆ. 2020ರ ಡಿಸೆಂಬರ್ 16ರಂದು ಯುನೆಸ್ಕೋ ಸಂಸ್ಥೆಯು ಸಿಂಗಾಪುರದ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ಕಡಿಮೆ ಬೆಲೆಗೆ ಒಳ್ಳೆಯ ಊಟ ನೀಡುವ ಈ ವ್ಯವಸ್ಥೆಯು ಹಿರಿಯ ಅಡುಗೆಯವರ ನಿವೃತ್ತಿ ಮತ್ತು ಏರುತ್ತಿರುವ ವೆಚ್ಚಗಳ ನಡುವೆ ಹೇಗೆ ಉಳಿಯಬೇಕು ಎಂಬುದು ಅಲ್ಲಿನ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ.

ಇತಿಹಾಸ

1819ರಲ್ಲಿ ಬ್ರಿಟಿಷರು ಸಿಂಗಾಪುರದಲ್ಲಿ ವ್ಯಾಪಾರ ಕೇಂದ್ರವನ್ನು ಸ್ಥಾಪಿಸಿದ ನಂತರ ದಕ್ಷಿಣ ಚೀನಾ, ಮಲಯ ದ್ವೀಪಸಮೂಹ ಮತ್ತು ಭಾರತದಿಂದ ಅಪಾರ ಸಂಖ್ಯೆಯ ಕಾರ್ಮಿಕರು ಅಲ್ಲಿಗೆ ವಲಸೆ ಬಂದರು. ಅವರಲ್ಲಿ ಬಹುಪಾಲು ಮಂದಿ ಕುಟುಂಬವಿಲ್ಲದೆ ಒಂಟಿಯಾಗಿ ಬಂದವರು; ಇಕ್ಕಟ್ಟಾದ ವಸತಿಗಳಲ್ಲಿ ಅಡುಗೆ ಮಾಡಿಕೊಳ್ಳಲು ಅನುಕೂಲವಿರಲಿಲ್ಲ. ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ತುದಿಯಲ್ಲಿ ಒಲೆಯನ್ನೂ ಇನ್ನೊಂದು ತುದಿಯಲ್ಲಿ ಸಾಮಗ್ರಿಯನ್ನೂ ತೂಗಿಸಿಕೊಂಡು ಬರುತ್ತಿದ್ದ ವ್ಯಾಪಾರಿಗಳು ಇವರ ಹಸಿವನ್ನು ನೀಗಿಸುತ್ತಿದ್ದರು. ಹೆಚ್ಚು ಬಂಡವಾಳ ಬೇಡದ ಈ ವೃತ್ತಿಯು ಕೆಲಸವಿಲ್ಲದವರಿಗೆ ಆಸರೆಯೂ ಆಗಿತ್ತು.

ಎರಡನೆಯ ಮಹಾಯುದ್ಧದ ನಂತರ ನಿರುದ್ಯೋಗ ಹೆಚ್ಚಿದಂತೆ ಬೀದಿ ವ್ಯಾಪಾರಿಗಳ ಸಂಖ್ಯೆಯೂ ಬೆಳೆಯಿತು. ರಸ್ತೆಗಳಿಗೆ ಅಡಚಣೆ, ಚರಂಡಿ ಹಾಗೂ ನದಿಗಳಿಗೆ ಸೇರುತ್ತಿದ್ದ ತ್ಯಾಜ್ಯ, ಕಾಲರಾ ಮತ್ತು ಟೈಫಾಯ್ಡ್‌ನ ಭೀತಿ ಇವುಗಳಿಂದಾಗಿ ಆಡಳಿತಕ್ಕೆ ಇದೊಂದು ಸಮಸ್ಯೆಯಾಗಿ ಕಂಡಿತು. 1950ರಲ್ಲಿ ವಸಾಹತು ಸರ್ಕಾರವು ಈ ಕುರಿತು ವಿಚಾರಣಾ ಆಯೋಗವನ್ನು ನೇಮಿಸಿತು. ಸ್ವಾತಂತ್ರ್ಯಾನಂತರ, 1968–69ರಲ್ಲಿ ದ್ವೀಪದಾದ್ಯಂತ ನೋಂದಣಿ ನಡೆಸಿ ಸುಮಾರು 18,000 ಬೀದಿ ವ್ಯಾಪಾರಿಗಳಿಗೆ ತಾತ್ಕಾಲಿಕ ಪರವಾನಗಿ ನೀಡಲಾಯಿತು. ಬಳಿಕ ನಲ್ಲಿ ನೀರು, ವಿದ್ಯುತ್, ಒಳಚರಂಡಿ ಮತ್ತು ಕಸ ವಿಲೇವಾರಿ ಸೌಲಭ್ಯಗಳುಳ್ಳ ಕೇಂದ್ರಗಳನ್ನು ಕಟ್ಟಿಸಿ, 1986ರ ವೇಳೆಗೆ ಅವರನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು. 1977ರಿಂದ 1987ರವರೆಗೆ ನಡೆದ ಸಿಂಗಾಪುರ ನದಿಯ ಶುದ್ಧೀಕರಣ ಯೋಜನೆಯಲ್ಲಿ ನದಿ ದಂಡೆಯ ವ್ಯಾಪಾರಿಗಳ ಸ್ಥಳಾಂತರವೂ ಸೇರಿತ್ತು.

ಅನಂತರ ಸುಮಾರು ಎರಡೂವರೆ ದಶಕಗಳ ಕಾಲ ಹೊಸ ಕೇಂದ್ರಗಳ ನಿರ್ಮಾಣ ಬಹುತೇಕ ನಿಂತಿತ್ತು. 2011ರಲ್ಲಿ ಸರ್ಕಾರವು ಮತ್ತೆ ಹೊಸ ಕೇಂದ್ರಗಳನ್ನು ಕಟ್ಟುವುದಾಗಿ ಪ್ರಕಟಿಸಿತು.

ಕೇಂದ್ರದ ಸ್ವರೂಪ

ಹೆಚ್ಚಿನ ಕೇಂದ್ರಗಳು ಗೋಡೆಗಳಿಲ್ಲದ, ಗಾಳಿಯಾಡುವ ಕಟ್ಟಡಗಳು. ಇವುಗಳಲ್ಲಿ ಹವಾನಿಯಂತ್ರಣ ಇರುವುದಿಲ್ಲ. ಛಾವಣಿಯ ಪಂಖಗಳೇ ಆಧಾರ. ಅನೇಕ ಕಡೆ ಕಟ್ಟಡದ ಒಂದು ಭಾಗದಲ್ಲಿ ತರಕಾರಿ, ಮೀನು ಮತ್ತು ಮಾಂಸದ ಮಾರುಕಟ್ಟೆಯೂ ಇರುತ್ತದೆ. ಪ್ರತಿ ಮಳಿಗೆಯು ಒಬ್ಬಿಬ್ಬರು ನಿಂತು ಕೆಲಸ ಮಾಡುವಷ್ಟು ಚಿಕ್ಕದು. ಮೇಜು ಮತ್ತು ಆಸನಗಳು ಯಾವ ಮಳಿಗೆಗೂ ಪ್ರತ್ಯೇಕವಾಗಿ ಸೇರಿದವಲ್ಲ. ಎಲ್ಲ ಮಳಿಗೆಗಳ ಗ್ರಾಹಕರೂ ಅವನ್ನು ಬಳಸುತ್ತಾರೆ. ಆದ್ದರಿಂದ ಒಂದೇ ಮೇಜಿನಲ್ಲಿ ಒಬ್ಬರು ಮೀನುಂಡೆಯ ನೂಡಲ್ಸ್, ಇನ್ನೊಬ್ಬರು ದೋಸೆ, ಮತ್ತೊಬ್ಬರು ನಾಸಿ ಲೆಮಕ್ ತಿನ್ನುವುದು ಸಾಮಾನ್ಯ ದೃಶ್ಯ.

ಒಂದು ಮಳಿಗೆಯಲ್ಲಿ ಸಾಮಾನ್ಯವಾಗಿ ಕೆಲವೇ ಖಾದ್ಯಗಳು ದೊರೆಯುತ್ತವೆ. ಎಷ್ಟೋ ಅಡುಗೆಯವರು ದಶಕಗಳ ಕಾಲ ಒಂದೇ ಖಾದ್ಯವನ್ನು ಮಾಡುತ್ತಾ ಬಂದಿದ್ದಾರೆ. ಖರ್ಚು ಹಾಗೂ ಶ್ರಮವನ್ನು ಹಿಡಿತದಲ್ಲಿಡಲು ನೆರವಾಗುವ ಈ ಕ್ರಮವು ರುಚಿಯ ಸ್ಥಿರತೆಗೂ ಕಾರಣವಾಗಿದೆ.

ಚೈನಾಟೌನ್ ಕಾಂಪ್ಲೆಕ್ಸ್, ಮ್ಯಾಕ್ಸ್‌ವೆಲ್, ಓಲ್ಡ್ ಏರ್‌ಪೋರ್ಟ್ ರೋಡ್, ಅಮೋಯ್ ಸ್ಟ್ರೀಟ್, ಟಿಯೋಂಗ್ ಬಾರು ಮತ್ತು ನ್ಯೂಟನ್ ಹೆಸರಾಂತ ಕೇಂದ್ರಗಳು. ಇವುಗಳಲ್ಲಿ ಚೈನಾಟೌನ್ ಕಾಂಪ್ಲೆಕ್ಸ್ ಅತಿ ದೊಡ್ಡದು. ಅಲ್ಲಿ 200ಕ್ಕೂ ಹೆಚ್ಚು ಅಡುಗೆ ಮಳಿಗೆಗಳಿವೆ. ಗೇಲಾಂಗ್ ಸೆರಾಯ್ ಕೇಂದ್ರವು ಮಲಯ ಅಡುಗೆಗೂ, ಲಿಟಲ್ ಇಂಡಿಯಾ ಪ್ರದೇಶದ ಟೆಕ್ಕಾ ಕೇಂದ್ರವು ಭಾರತೀಯ ಅಡುಗೆಗೂ ಪ್ರಸಿದ್ಧವಾಗಿವೆ.

ನೂಡಲ್ಸ್‌ನ ಬಗೆಗಳು

ಮಳಿಗೆಯಲ್ಲಿ ಖಾದ್ಯದ ಹೆಸರಿನ ಜೊತೆಗೆ ಯಾವ ಬಗೆಯ ನೂಡಲ್ಸ್ ಬೇಕೆಂಬುದನ್ನೂ ಗ್ರಾಹಕರು ಹೇಳುವುದು ವಾಡಿಕೆ. ಮುಖ್ಯ ಬಗೆಗಳು ಹೀಗಿವೆ:

ಮೀ: ಗೋಧಿ ಹಿಟ್ಟಿನ ಹಳದಿ ನೂಡಲ್ಸ್. ಹಪ್ಪಳಖಾರದಂತಹ ಕ್ಷಾರವನ್ನು ಹಿಟ್ಟಿಗೆ ಸೇರಿಸುವುದರಿಂದ ಇದಕ್ಕೆ ಹಳದಿ ಬಣ್ಣವೂ ಜಗಿಯುವ ಗುಣವೂ ಬರುತ್ತವೆ.
ಮೀ ಪೋಕ್ ಮತ್ತು ಮೀ ಕಿಯಾ: ಮೊದಲನೆಯದು ಚಪ್ಪಟೆ ಪಟ್ಟಿಯಂತಿರುತ್ತದೆ, ಎರಡನೆಯದು ತೆಳುವಾದ ಎಳೆ.
ಬೀ ಹೂನ್: ಅಕ್ಕಿ ಹಿಟ್ಟಿನ ಬಿಳಿಯ ತೆಳು ಎಳೆಗಳು. ನೋಟದಲ್ಲಿ ಕರ್ನಾಟಕದ ಒತ್ತು ಶಾವಿಗೆಯನ್ನು ಹೋಲುತ್ತದೆ. ಇದರ ದಪ್ಪ ಎಳೆಯ ರೂಪವನ್ನು ಲಕ್ಸಾ ತಯಾರಿಕೆಯಲ್ಲಿ ಬಳಸುತ್ತಾರೆ.
ಕ್ವೇ ಟಿಯಾವ್: ಅಕ್ಕಿ ಹಿಟ್ಟಿನ ಅಗಲವಾದ ಚಪ್ಪಟೆ ಪಟ್ಟಿಗಳು.

ಇವುಗಳಲ್ಲಿ ಅನೇಕವನ್ನು ‘ಸಾರಿನೊಂದಿಗೆ’ ಅಥವಾ ‘ಒಣಗೆ’ ಕೇಳಬಹುದು. ಒಣಗೆ ಎಂದರೆ ನೂಡಲ್ಸನ್ನು ಮೆಣಸಿನಕಾಯಿ ಚಟ್ನಿ ಮತ್ತು ಸಾಸ್‌ನಲ್ಲಿ ಕಲಸಿ, ಸಾರನ್ನು ಬೇರೆ ಬಟ್ಟಲಿನಲ್ಲಿ ಕೊಡುವುದು.

ಪ್ರಮುಖ ಖಾದ್ಯಗಳು

ಬಾಕ್ ಚೋರ್ ಮೀ: ಟಿಯೋಚ್ಯೂ ಸಮುದಾಯದ ಖಾದ್ಯ. ಮೀ ಪೋಕ್ ಅಥವಾ ಮೀ ಕಿಯಾದೊಂದಿಗೆ ಕೊಚ್ಚಿದ ಹಂದಿ ಮಾಂಸ, ಅಣಬೆ, ಮೆಣಸಿನಕಾಯಿ ಮತ್ತು ಕಪ್ಪು ವಿನೆಗರ್ ಸೇರುತ್ತವೆ. ವಿನೆಗರ್‌ನ ಹುಳಿಯೇ ಇದರ ವೈಶಿಷ್ಟ್ಯ.

ಹೊಕ್ಕಿಯೆನ್ ಮೀ: ಹಳದಿ ಮೀ ಮತ್ತು ಬೀ ಹೂನ್ ಎರಡನ್ನೂ ಸೇರಿಸಿ ಸಿಗಡಿಯ ಸಾರಿನಲ್ಲಿ ಬೇಯಿಸಿ ಹುರಿಯಲಾಗುತ್ತದೆ. ಸಂಬಲ್ ಚಟ್ನಿ ಮತ್ತು ಕಲಮಾನ್ಸಿ ಎಂಬ ಚಿಕ್ಕ ನಿಂಬೆಹಣ್ಣನ್ನು ಪಕ್ಕದಲ್ಲಿ ಇಡುತ್ತಾರೆ.

ಚಾರ್ ಕ್ವೇ ಟಿಯಾವ್: ಅಕ್ಕಿಯ ಪಟ್ಟಿಗಳನ್ನು ಮೊಟ್ಟೆ, ಮೊಳಕೆಕಾಳು, ಚೀನೀ ಸಾಸೇಜ್, ಚಿಪ್ಪುಮೀನು ಮತ್ತು ಕಪ್ಪು ಸೋಯಾ ಸಾಸ್‌ನೊಂದಿಗೆ ಜೋರು ಉರಿಯಲ್ಲಿ ಹುರಿದದ್ದು. ಕಾದ ಬಾಣಲೆಯಿಂದ ಬರುವ ಹೊಗೆಯ ಘಮವನ್ನು ಇದರ ಗುಣಮಟ್ಟದ ಅಳತೆಗೋಲಾಗಿ ಪರಿಗಣಿಸುತ್ತಾರೆ. ಆ ಘಮ ಬರಬೇಕಾದರೆ ಒಮ್ಮೆಗೆ ಸ್ವಲ್ಪ ಪ್ರಮಾಣವನ್ನಷ್ಟೇ ಹುರಿಯಬೇಕು. ಹೆಸರುವಾಸಿ ಮಳಿಗೆಗಳ ಮುಂದೆ ಸಾಲು ನಿಧಾನವಾಗಿ ಸಾಗಲು ಇದೂ ಒಂದು ಕಾರಣ.

ಲಕ್ಸಾ: ಚೀನೀ ಮತ್ತು ಮಲಯ ಸಂಪ್ರದಾಯಗಳು ಬೆರೆತ ಪೆರನಾಕನ್ ಅಡುಗೆಯ ಕೊಡುಗೆ. ತೆಂಗಿನ ಹಾಲು, ಒಣ ಸಿಗಡಿ ಮತ್ತು ಮಸಾಲೆಯ ಸಾರಿನಲ್ಲಿ ದಪ್ಪ ಬೀ ಹೂನ್ ಇರುತ್ತದೆ. ಕಾಟೋಂಗ್ ಪ್ರದೇಶದ ಶೈಲಿಯಲ್ಲಿ ಎಳೆಗಳನ್ನು ಮೊದಲೇ ತುಂಡರಿಸುವುದರಿಂದ ಚಮಚ ಒಂದರಿಂದಲೇ ತಿನ್ನಬಹುದು. ಲಕ್ಸಾ ಎಂಬ ಹೆಸರಿನ ಮೂಲ ಪರ್ಷಿಯನ್ ಭಾಷೆಯಲ್ಲಿದೆ ಎಂದು ಕೆಲವರೂ, ಸಂಸ್ಕೃತದ ‘ಲಕ್ಷ’ ಪದದಲ್ಲಿದೆ ಎಂದು ಇನ್ನು ಕೆಲವರೂ ಅಭಿಪ್ರಾಯಪಡುತ್ತಾರೆ.

ಮೀ ರೆಬುಸ್ ಮತ್ತು ಮೀ ಸಿಯಾಮ್: ಮಲಯ ಮಳಿಗೆಗಳಲ್ಲಿ ದೊರೆಯುವ ಖಾದ್ಯಗಳು. ಮೀ ರೆಬುಸ್‌ನಲ್ಲಿ ಹಳದಿ ಮೀ ಮೇಲೆ ಗೆಣಸಿನಿಂದ ಮಂದಗೊಳಿಸಿದ ಗೊಜ್ಜನ್ನು ಸುರಿಯುತ್ತಾರೆ. ಮೀ ಸಿಯಾಮ್‌ನಲ್ಲಿ ಬೀ ಹೂನ್‌ಗೆ ಹುಣಸೆಯ ಹುಳಿ ಮತ್ತು ತುಸು ಸಿಹಿ ಸೇರಿರುತ್ತವೆ.

ಮೀ ಗೋರೆಂಗ್: ಭಾರತೀಯ ಮುಸ್ಲಿಂ ಮಳಿಗೆಗಳ ಹುರಿದ ನೂಡಲ್ಸ್. ಚೀನೀ ಮೂಲದ ಹಳದಿ ಮೀಯನ್ನು ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆ ಮತ್ತು ಮೊಟ್ಟೆಯೊಂದಿಗೆ ಕೆಂಪಾಗಿ ಹುರಿಯಲಾಗುತ್ತದೆ. ಭಾರತದಲ್ಲಿ ಇಲ್ಲದ, ವಲಸೆಯ ನೆಲದಲ್ಲಿಯೇ ರೂಪುಗೊಂಡ ಭಾರತೀಯ ಖಾದ್ಯವಿದು.

ಕೋಪಿಟಿಯಾಮ್

ಮಲಯ ಭಾಷೆಯ ‘ಕೋಪಿ’ (ಕಾಫಿ) ಮತ್ತು ಹೊಕ್ಕಿಯೆನ್ ನುಡಿಯ ‘ಟಿಯಾಮ್’ (ಅಂಗಡಿ) ಸೇರಿ ಕೋಪಿಟಿಯಾಮ್ ಎಂಬ ಪದವಾಗಿದೆ. ಹಿಂದೆ ಇಂತಹ ಅಂಗಡಿಗಳನ್ನು ನಡೆಸುತ್ತಿದ್ದವರಲ್ಲಿ ಹೈನಾನ್ ದ್ವೀಪದಿಂದ ಬಂದವರು ಹೆಚ್ಚಾಗಿದ್ದರು. ಇಂದು ವಸತಿ ಬಡಾವಣೆಗಳ ನೆಲಮಹಡಿಯಲ್ಲಿ ಕಾಣುವ ಕೋಪಿಟಿಯಾಮ್‌ಗಳಲ್ಲಿ ಮಾಲೀಕರು ಸಾಮಾನ್ಯವಾಗಿ ಪಾನೀಯಗಳ ಮಾರಾಟವನ್ನು ತಾವಿಟ್ಟುಕೊಂಡು, ನೂಡಲ್ಸ್ ಮತ್ತಿತರ ಮಳಿಗೆಗಳಿಗೆ ಜಾಗವನ್ನು ಬಾಡಿಗೆಗೆ ಕೊಡುತ್ತಾರೆ. ಹಾಕರ್ ಕೇಂದ್ರಗಳಂತೆ ಇವು ಸರ್ಕಾರದ ನಿರ್ವಹಣೆಯಲ್ಲಿಲ್ಲ.

ಇಲ್ಲಿನ ಕಾಫಿಗೆ ಹೆಚ್ಚಾಗಿ ರೊಬಸ್ಟಾ ಬೀಜಗಳನ್ನು ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರೀನ್ ಸೇರಿಸಿ ಕಪ್ಪಾಗುವವರೆಗೆ ಹುರಿಯುತ್ತಾರೆ. ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಹಾಕಿ ಬಿಸಿನೀರು ಸುರಿದು ಸೋಸುತ್ತಾರೆ. ಕಾಫಿಯನ್ನು ಕೇಳುವ ಪರಿಭಾಷೆಯಲ್ಲಿ ಹಲವು ಭಾಷೆಗಳು ಬೆರೆತಿವೆ. ‘ಕೋಪಿ’ ಎಂದಷ್ಟೇ ಹೇಳಿದರೆ ಸಿಹಿಯಾದ ಗಟ್ಟಿ ಹಾಲು ಬೆರೆಸಿದ ಕಾಫಿ; ‘ಕೋಪಿ ಓ’ ಹಾಲಿಲ್ಲದ, ಸಕ್ಕರೆ ಹಾಕಿದ ಕಾಫಿ; ‘ಕೋಪಿ ಸಿ’ ಎಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ ಹಾಕಿದ್ದು. ಇವುಗಳ ಮುಂದೆ ‘ಕೋಸೋಂಗ್’ ಸೇರಿಸಿದರೆ ಸಕ್ಕರೆ ಬೇಡವೆಂದೂ, ‘ಸಿಯು ದಾಯ್’ ಎಂದರೆ ಸಿಹಿ ಕಡಿಮೆಯೆಂದೂ, ‘ಗಾವ್’ ಎಂದರೆ ಸ್ಟ್ರಾಂಗ್ ಎಂದೂ, ‘ಪೆಂಗ್’ ಎಂದರೆ ಐಸ್ ಹಾಕಿದ್ದೆಂದೂ ಅರ್ಥ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಮತ್ತು ಕೇದಗೆಯ ಜಾತಿಗೆ ಸೇರಿದ ಪಂಡನ್ ಎಲೆಯಿಂದ ಮಾಡಿದ ‘ಕಾಯಾ’ ಸವರಿದ ಬ್ರೆಡ್ ಹಾಗೂ ಅರೆಬೆಂದ ಮೊಟ್ಟೆ ಕಾಫಿಯೊಂದಿಗಿನ ರೂಢಿಯ ಉಪಾಹಾರ.

ಊಟದ ರೀತಿನೀತಿಗಳು

ಜನದಟ್ಟಣೆಯ ಹೊತ್ತಿನಲ್ಲಿ ಮೊದಲು ಜಾಗ ಹಿಡಿದು, ನಂತರ ಸಾಲಿನಲ್ಲಿ ನಿಲ್ಲುವುದು ರೂಢಿ. ಟಿಶ್ಯೂ ಕಾಗದದ ಪೊಟ್ಟಣವನ್ನೋ ಕೊಡೆಯನ್ನೋ ಮೇಜಿನ ಮೇಲಿಟ್ಟು ಜಾಗ ಕಾಯ್ದಿರಿಸುವುದಕ್ಕೆ ಸ್ಥಳೀಯವಾಗಿ ‘ಚೋಪ್’ ಎನ್ನುತ್ತಾರೆ. ಇದಕ್ಕೆ ಕಾನೂನಿನ ಬಲವಿಲ್ಲದಿದ್ದರೂ ಬಹುಪಾಲು ಜನ ಇದನ್ನು ಮನ್ನಿಸುತ್ತಾರೆ. ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳುವುದು ಸಹಜ. ಉದ್ದನೆಯ ಸಾಲನ್ನು ರುಚಿಯ ಸೂಚನೆಯೆಂದು ನಂಬುವವರು ಹೆಚ್ಚು. ಟಿಪ್ಸ್ ಕೊಡುವ ಪದ್ಧತಿಯಿಲ್ಲ. ರೆಸ್ಟೋರೆಂಟ್‌ಗಳಲ್ಲಿರುವ ಸೇವಾಶುಲ್ಕವೂ ಇಲ್ಲಿಲ್ಲ. 2020ರ ದಶಕದ ಮಧ್ಯಭಾಗದಲ್ಲಿ ಒಂದು ಬಟ್ಟಲು ನೂಡಲ್ಸ್‌ಗೆ ಸಾಮಾನ್ಯವಾಗಿ 4ರಿಂದ 6 ಸಿಂಗಾಪುರ ಡಾಲರ್ ಬೆಲೆಯಿತ್ತು. ಬೆಳಗಿನ ಉಪಾಹಾರದ ಮಳಿಗೆಗಳು ಮಧ್ಯಾಹ್ನದ ಹೊತ್ತಿಗೇ ಮುಚ್ಚುವುದುಂಟು. ಮಳಿಗೆಗಳ ವಾರದ ರಜೆ ಬೇರೆಬೇರೆಯಾಗಿರುವುದಲ್ಲದೆ, ಶುಚಿಗೊಳಿಸುವ ಸಲುವಾಗಿ ಇಡೀ ಕೇಂದ್ರವನ್ನು ಆಗಾಗ ಮುಚ್ಚಲಾಗುತ್ತದೆ.

ತಿಂದ ತಟ್ಟೆಗಳನ್ನು ಗ್ರಾಹಕರೇ ಹಿಂದಿರುಗಿಸಬೇಕೆಂಬ ನಿಯಮವನ್ನು ಹಾಕರ್ ಕೇಂದ್ರಗಳಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕೋಪಿಟಿಯಾಮ್ ಮತ್ತು ಫುಡ್ ಕೋರ್ಟ್‌ಗಳಲ್ಲಿ 2022ರ ಜನವರಿ 1ರಿಂದ ಕಟ್ಟುನಿಟ್ಟಾಗಿ ಜಾರಿಗೆ ತರಲಾಯಿತು. ಮೊದಲ ತಪ್ಪಿಗೆ ಲಿಖಿತ ಎಚ್ಚರಿಕೆಯೂ ಎರಡನೆಯದಕ್ಕೆ 300 ಡಾಲರ್ ದಂಡವೂ ಇದೆ. ಅನೇಕ ಕೇಂದ್ರಗಳಲ್ಲಿ ಹಲಾಲ್ ಮಳಿಗೆಗಳ ತಟ್ಟೆಗಳನ್ನು ಇರಿಸಲು ಪ್ರತ್ಯೇಕ ಸ್ಥಳವಿರುತ್ತದೆ; ತಟ್ಟೆಗಳನ್ನು ಬೆರೆಸಬಾರದು.

ಸಸ್ಯಾಹಾರಿಗಳಿಗೆ ಇರುವ ಆಯ್ಕೆಗಳು

ನೋಟಕ್ಕೆ ತರಕಾರಿಯಷ್ಟೇ ಇರುವ ನೂಡಲ್ಸ್‌ನಲ್ಲಿಯೂ ಹಂದಿಯ ಕೊಬ್ಬು, ಮೂಳೆಯ ಅಥವಾ ಒಣಮೀನಿನ ಸಾರು, ಸಿಗಡಿಯಿಂದ ಮಾಡಿದ ಬೆಲಾಚಾನ್ ಇರಬಹುದು. ‘ಮಾಂಸ ಬೇಡ’ ಎಂದು ಹೇಳುವುದರಿಂದ ಮಾತ್ರ ಇವು ತಪ್ಪುವುದಿಲ್ಲ. ಆದ್ದರಿಂದ ಶುದ್ಧ ಸಸ್ಯಾಹಾರಿಗಳು ಬೌದ್ಧ ಸಂಪ್ರದಾಯದ ಚೀನೀ ಸಸ್ಯಾಹಾರಿ ಮಳಿಗೆಗಳನ್ನು ಅರಸುತ್ತಾರೆ. ಹಲವು ಕೇಂದ್ರಗಳಲ್ಲಿ ಇಂತಹ ಮಳಿಗೆಗಳಿವೆ. ಅಲ್ಲಿನ ಹುರಿದ ಬೀ ಹೂನ್ ಜನಪ್ರಿಯ ಉಪಾಹಾರವಾಗಿದ್ದು, ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ ಮಾಂಸದಂತಹ ತುಣುಕುಗಳನ್ನು ಅದರೊಂದಿಗೆ ಬಡಿಸುತ್ತಾರೆ. ಈ ಸಂಪ್ರದಾಯವನ್ನು ಪಾಲಿಸುವ ಮಳಿಗೆಗಳಲ್ಲಿ ಈರುಳ್ಳಿ ಮತ್ತು ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಟೆಕ್ಕಾ ಕೇಂದ್ರದಲ್ಲಿ ದಕ್ಷಿಣ ಭಾರತದ ಸಸ್ಯಾಹಾರವೂ ದೊರೆಯುತ್ತದೆ.

ಮನ್ನಣೆ

2016ರಲ್ಲಿ ಪ್ರಕಟವಾದ ಸಿಂಗಾಪುರದ ಮೊದಲ ಮಿಶಲಿನ್ ಕೈಪಿಡಿಯಲ್ಲಿ ಎರಡು ಹಾಕರ್ ಮಳಿಗೆಗಳು ತಲಾ ಒಂದು ನಕ್ಷತ್ರ ಪಡೆದವು: ಬಾಕ್ ಚೋರ್ ಮೀ ಮಾರುವ ಹಿಲ್ ಸ್ಟ್ರೀಟ್ ತಾಯ್ ಹ್ವಾ ಪೋರ್ಕ್ ನೂಡಲ್ ಮತ್ತು ಸೋಯಾ ಸಾಸ್‌ನಲ್ಲಿ ಬೇಯಿಸಿದ ಕೋಳಿಯನ್ನು ಅನ್ನ ಅಥವಾ ನೂಡಲ್ಸ್ ಜೊತೆ ಕೊಡುವ ಚೈನಾಟೌನ್ ಕಾಂಪ್ಲೆಕ್ಸ್‌ನ ಮಳಿಗೆ. ಎರಡನೆಯದು ಜಗತ್ತಿನ ಅತಿ ಅಗ್ಗದ ಮಿಶಲಿನ್ ಊಟವೆಂದು ಹೆಸರಾಯಿತು. 2021ರಲ್ಲಿ ಅದರ ನಕ್ಷತ್ರ ಕೈತಪ್ಪಿತು. ಯುನೆಸ್ಕೋ ಪಟ್ಟಿಗೆ ಹಾಕರ್ ಸಂಸ್ಕೃತಿಯನ್ನು ನಾಮನಿರ್ದೇಶನ ಮಾಡುವ ನಿರ್ಧಾರವನ್ನು ಅಂದಿನ ಪ್ರಧಾನಿ ಲೀ ಸಿಯೆನ್ ಲೂಂಗ್ 2018ರ ಆಗಸ್ಟ್‌ನಲ್ಲಿ ಪ್ರಕಟಿಸಿದ್ದರು.

ಸವಾಲುಗಳು

ಹಾಕರ್ ವೃತ್ತಿಯಲ್ಲಿರುವವರ ಮಧ್ಯಕ ವಯಸ್ಸು ಸುಮಾರು 60 ವರ್ಷ. ನಸುಕಿನಲ್ಲೇ ಸಾರು ಕುದಿಸಲು ಆರಂಭಿಸಿ ಇಡೀ ದಿನ ಒಲೆಯ ಮುಂದೆ ನಿಲ್ಲಬೇಕಾದ ಈ ಕೆಲಸಕ್ಕೆ ವಿದ್ಯಾವಂತ ಮಕ್ಕಳು ಬರುವುದು ಅಪರೂಪ. ಹಿರಿಯರು ನಿವೃತ್ತರಾದಾಗ ಮಳಿಗೆಯೊಂದಿಗೆ ಅಡುಗೆಯ ಕ್ರಮವೂ ಕಣ್ಮರೆಯಾಗುವುದುಂಟು.

ಬಾಡಿಗೆಯ ಅಂತರವೂ ದೊಡ್ಡದು. ಬೀದಿಯಿಂದ ಸ್ಥಳಾಂತರಗೊಂಡ ಮೊದಲ ತಲೆಮಾರಿನವರಿಗೆ ಸರ್ಕಾರದ ರಿಯಾಯಿತಿ ಬಾಡಿಗೆಯಿದ್ದು, ಅದು ತಿಂಗಳಿಗೆ ಕೆಲವು ನೂರು ಡಾಲರ್‌ಗಳಷ್ಟೇ. ಹೊಸಬರು ಟೆಂಡರ್ ಮೂಲಕ ಮಳಿಗೆ ಪಡೆಯಬೇಕು. 2012ರಲ್ಲಿ ಕನಿಷ್ಠ ಬಿಡ್ ಮೊತ್ತವನ್ನು ತೆಗೆದುಹಾಕಿದ್ದರಿಂದ ಬೇಡಿಕೆ ಕಡಿಮೆಯಿರುವ ಕಡೆ ಅತಿ ಕಡಿಮೆ ಬಾಡಿಗೆಗೂ ಮಳಿಗೆ ಸಿಗುತ್ತದೆ. ಆದರೆ 2024ರಲ್ಲಿ ಮಳಿಗೆಯೊಂದಕ್ಕೆ ತಿಂಗಳಿಗೆ 10,000 ಡಾಲರ್ ಮೀರಿದ ಬಿಡ್ ಬಂದದ್ದು ಚರ್ಚೆಗೆ ಕಾರಣವಾಯಿತು. ಸಾಮಗ್ರಿ, ವಿದ್ಯುತ್ ಮತ್ತು ಕೂಲಿಯ ವೆಚ್ಚ ಏರಿದರೂ ಬೆಲೆಯನ್ನು ಅರ್ಧ ಡಾಲರ್ ಹೆಚ್ಚಿಸಿದರೆ ಗ್ರಾಹಕರು ಗೊಣಗುತ್ತಾರೆ. ಅದೇ ಗ್ರಾಹಕರು ಹವಾನಿಯಂತ್ರಿತ ರೆಸ್ಟೋರೆಂಟಿನಲ್ಲಿ ಒಂದು ಬಟ್ಟಲು ರಾಮೆನ್‌ಗೆ ಹಲವು ಪಟ್ಟು ಹಣ ತೆರುತ್ತಾರೆ ಎಂಬುದು ಹಾಕರ್ ಪರವಾಗಿ ಮಾತನಾಡುವವರ ವಾದ. ಕಡಿಮೆ ವರಮಾನದವರೂ ವೃದ್ಧರೂ ನಿತ್ಯದ ಊಟಕ್ಕೆ ಈ ಕೇಂದ್ರಗಳನ್ನೇ ನೆಚ್ಚಿರುವುದರಿಂದ ಬೆಲೆ ಕೈಗೆಟುಕುವಂತಿರಬೇಕು ಎಂಬುದು ಪ್ರತಿವಾದ. ಹೀಗಾಗಿ ಅಗ್ಗದ ಬಟ್ಟಲಿನ ನಿಜವಾದ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಉಳಿದುಕೊಂಡಿದೆ.

2020ರಲ್ಲಿ ಕೋವಿಡ್-19 ಕಾರಣದಿಂದ ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಕುಳಿತು ತಿನ್ನುವುದನ್ನು ನಿಷೇಧಿಸಲಾಗಿತ್ತು. ಪಾರ್ಸೆಲ್ ವ್ಯಾಪಾರವನ್ನೇ ನಂಬಬೇಕಾದ ಮಳಿಗೆಗಳು ನಷ್ಟ ಅನುಭವಿಸಿದವು. ವೃತ್ತಿಯನ್ನು ಉಳಿಸಲು ಸರ್ಕಾರವು ಹೊಸಬರಿಗೆ ಸಜ್ಜುಗೊಳಿಸಿದ ಮಳಿಗೆಯನ್ನು ರಿಯಾಯಿತಿ ಬಾಡಿಗೆಗೆ ನೀಡುವ ಯೋಜನೆ, ಅನುಭವಿಗಳ ಬಳಿ ತರಬೇತಿ, ಹಾಗೂ ಕುಟುಂಬದಲ್ಲಿ ಉತ್ತರಾಧಿಕಾರಿಯಿಲ್ಲದ ಹಿರಿಯರು ತಮ್ಮ ಮಳಿಗೆಯನ್ನೂ ಅಡುಗೆಯ ಕೌಶಲವನ್ನೂ ಹೊರಗಿನವರಿಗೆ ಹಸ್ತಾಂತರಿಸುವ ಯೋಜನೆಗಳನ್ನು ಜಾರಿಗೊಳಿಸಿದೆ.

ಇವನ್ನೂ ನೋಡಿ

ಸಿಂಗಾಪುರ
ಪೆರನಾಕನ್ ಸಮುದಾಯ
ಅಮೂರ್ತ ಸಾಂಸ್ಕೃತಿಕ ಪರಂಪರೆ
ಶಾವಿಗೆ