ರಾಕೆಟ್ಟಿನ ಮೊರೆತವನ್ನು ಕೊಠಡಿಯೊಳಗೆ ಕಟ್ಟಿದ ಬಗೆ: ಬೆಂಗಳೂರಿನ ಶಬ್ದಕ್ಷೇತ್ರ ಪರೀಕ್ಷೆಯ ಇತಿಹಾಸ

ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. 1972ರಲ್ಲಿ ವಿಜ್ಞಾನಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ಕೆಲಸ ಶುರುವಾಯಿತು. 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅಲ್ಲಿಂದ ಮುಂದೆ ಬೆಳೆದ ಬಾಹ್ಯಾಕಾಶ ಚರಿತ್ರೆಯಲ್ಲಿ ಶಬ್ದ ಪರೀಕ್ಷೆಗೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಡಾವಣೆಯ ಹೊತ್ತಿಗೆ ಎಂಜಿನ್ನಿನಿಂದ ನುಗ್ಗುವ ಅನಿಲ ಸುತ್ತಲಿನ ಗಾಳಿಯನ್ನು ಕಲಕಿ ಭಾರೀ ಶಬ್ದ ಎಬ್ಬಿಸುತ್ತದೆ. 140 ಡೆಸಿಬಲ್ ಎಂದರೆ 200 ಪಾಸ್ಕಲ್ ಒತ್ತಡ. ಮುಂದೆ ಪ್ರತಿ 6 ಡೆಸಿಬಲ್‌ಗೂ ಒತ್ತಡ ಇಮ್ಮಡಿ. ಸೌರಫಲಕ, ಆಂಟೆನಾಗಳಂಥ ಅಗಲವಾದ, ಹಗುರವಾದ ಭಾಗಗಳೇ ಇದಕ್ಕೆ ಹೆಚ್ಚು ಅದುರುತ್ತವೆ. ಶಬ್ದ ಎಲ್ಲ ಕಡೆಯಿಂದ ಏಕಕಾಲಕ್ಕೆ ಬಡಿಯುವುದರಿಂದ, ಕಂಪನ ಮೇಜಿನ ಮೇಲೆ ಕುಲುಕಿದ ಮಾತ್ರಕ್ಕೆ ಇದನ್ನು ಪರೀಕ್ಷಿಸಿದಂತಾಗದು.

ಹಾರ್ವರ್ಡ್‌ನ ಉಪನ್ಯಾಸ ಕೊಠಡಿಯಲ್ಲಿ ಮಾತು ಕೇಳದಂತೆ ಮಾಡುತ್ತಿದ್ದ ಅನುರಣನವನ್ನು, ಅಂದರೆ ಗೋಡೆಗಳಿಗೆ ಬಡಿದು ಮರಳುತ್ತ ಉಳಿಯುವ ಶಬ್ದವನ್ನು, ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ 1895ರಿಂದ ಅಳೆಯತೊಡಗಿದರು. ಅಲ್ಲಿ ದೋಷವಾಗಿದ್ದದ್ದೇ, ಶಬ್ದವನ್ನು ಎಲ್ಲ ಕಡೆಯಿಂದ ಬಡಿಸಬೇಕಾದ ಉಪಗ್ರಹ ಪರೀಕ್ಷೆಯಲ್ಲಿ ಬಂಡವಾಳ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1100 ಘನಮೀಟರ್‌ನ ಅನುರಣನ ಕೊಠಡಿಯಿದೆ. ಇಂಥ ಕೊಠಡಿಯ ಕಾಂಕ್ರೀಟ್ ಗೋಡೆಗಳು ದಪ್ಪ, ಒಳಮೈ ನುಣುಪು. ಒತ್ತಡದ ಅನಿಲವನ್ನು ಕವಾಟಗಳು ಕತ್ತರಿಸಿ ಕತ್ತರಿಸಿ ದೊಡ್ಡ ಕಹಳೆಗಳೊಳಗೆ ಬಿಡುತ್ತವೆ. ಸಾಮಾನ್ಯವಾಗಿ ಬಳಸುವುದು ಸಾರಜನಕ. ತೇವವಿರುವ ಗಾಳಿಗಿಂತ ಅದು ಹೆಚ್ಚಿನ ಆವೃತ್ತಿಗಳನ್ನು ಕಡಿಮೆ ಹೀರುತ್ತದೆ. ಕೊಠಡಿಯಲ್ಲಿ ಸಾರಜನಕ ತುಂಬಿರುವುದರಿಂದ, ಪರೀಕ್ಷೆ ಮುಗಿದ ಮೇಲೆ ಆಮ್ಲಜನಕದ ಮಟ್ಟ ನೋಡದೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಇಲ್ಲಿ ಮರುಸೃಷ್ಟಿಯಾಗುವುದು ಧ್ವನಿಮುದ್ರಿಕೆಯಲ್ಲ, ಪ್ರತಿ ಆವೃತ್ತಿಪಟ್ಟಿಗೆ ಸಲ್ಲುವ ಶಕ್ತಿಯ ಪಾಲು. ಹಲವು ಮೈಕ್ರೊಫೋನ್‌ಗಳ ಸರಾಸರಿ ಹಿಡಿದು ಮಟ್ಟವನ್ನು ಸರಿಪಡಿಸುತ್ತ ಹೋಗುತ್ತಾರೆ. ಮೊದಲು ಕಡಿಮೆ ಮಟ್ಟ, ಆಮೇಲೆ ಪೂರ್ಣ ಮಟ್ಟ, ಮತ್ತೆ ಕಡಿಮೆ ಮಟ್ಟ. ಮೊದಲ ಮತ್ತು ಕೊನೆಯ ಸುತ್ತುಗಳ ನಡುವೆ ಒಂದು ಫಲಕದ ಸಹಜ ಆವೃತ್ತಿ ಜರುಗಿದ್ದರೆ, ಎಲ್ಲೋ ಅಂಟು ಬಿಟ್ಟಿದೆ ಅಥವಾ ತಿರುಪು ಸಡಿಲಗೊಂಡಿದೆ ಎಂದು ಸಂಶಯಿಸಬೇಕು.

ಈ ವಿಧಾನಕ್ಕೊಂದು ಮಿತಿಯುಂಟು. ಗಾತ್ರವೊಂದನ್ನೇ ಹಿಡಿದು ಸ್ಥೂಲವಾಗಿ ಲೆಕ್ಕ ಹಾಕಿದರೆ, 1100 ಘನಮೀಟರ್ ಕೊಠಡಿಯಲ್ಲಿ 50 ಹರ್ಟ್ಸ್ ಸುತ್ತಿನ ಮೂರನೇ ಒಂದು ಅಷ್ಟಕದ ಪಟ್ಟಿಯಲ್ಲಿ ಸುಮಾರು 10 ಸ್ಥಾಯೀ ತರಂಗ ವಿನ್ಯಾಸಗಳು ಸಿಗುತ್ತವೆ. 25 ಹರ್ಟ್ಸ್‌ಗೆ ಇಳಿದರೆ ಒಂದೆರಡು ಮಾತ್ರ. ಅಲ್ಲಿ ಶಬ್ದ ಎಲ್ಲೆಡೆ ಸಮನಾಗಿ ಹರಡಿದೆ ಎನ್ನುವ ಊಹೆ ನಿಲ್ಲುವುದಿಲ್ಲ. ಉಪಗ್ರಹದ ಸುತ್ತ ಧ್ವನಿವರ್ಧಕಗಳನ್ನು ಪೇರಿಸಿ, ಒಂದೊಂದಕ್ಕೂ ಪ್ರತ್ಯೇಕ ಸಂಕೇತ ಕೊಡುವ ಹೊಸ ವಿಧಾನ ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಆದರೂ ಕೊಠಡಿಯ ಪರೀಕ್ಷೆಯೇ ಇಂದಿಗೂ ಆಧಾರ. ಪೀಣ್ಯದಲ್ಲಿ ಮೊದಲಾದ ಉಪಗ್ರಹ ಕೇಂದ್ರವೇ ಇಂದಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಚಂದ್ರಯಾನ-3 ಕಂಪನ ಮತ್ತು ಶಬ್ದ ಪರೀಕ್ಷೆಗಳನ್ನು 2023ರ ಮಾರ್ಚ್ ಮೊದಲ ವಾರ ಮುಗಿಸಿದ್ದು ಆ ಕೇಂದ್ರದ ಸೌಲಭ್ಯಗಳಲ್ಲೇ. ಉಡಾವಣೆಯಾದದ್ದು ಜುಲೈ 14ರಂದು.