ಹೊಲದ ಮನೆಗೆ ಸೌರ ವಿದ್ಯುತ್: ಸಲಕರಣೆಗಳ ಆಯ್ಕೆ ಮತ್ತು ದೋಷ ಪತ್ತೆ

ದೇವಸುಗೂರಿನ ಮಗ್ಗುಲಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವು 1985ರಿಂದ ವಿದ್ಯುತ್ ಉತ್ಪಾದಿಸುತ್ತಿದ್ದು, ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಆದರೂ ಪಂಪ್‌ಸೆಟ್ ಮಾರ್ಗವನ್ನೇ ನಂಬಿಕೊಂಡ ಹೊಲದ ಮನೆಗಳಿಗೆ ಸಾಮಾನ್ಯವಾಗಿ ದಿನಕ್ಕೆ ಏಳು ತಾಸಷ್ಟೇ ಮೂರು ಫೇಸ್ ವಿದ್ಯುತ್ ದೊರೆಯುತ್ತದೆ. ಇಂತಹ ಮನೆಗಳಲ್ಲಿ ರಾತ್ರಿಯ ಬೆಳಕು ಹಾವು, ಚೇಳುಗಳಿಂದ ರಕ್ಷಣೆಯೂ ಹೌದು. ಆದ್ದರಿಂದ ಅನೇಕ ರೈತರು ಬ್ಯಾಟರಿ ಸಹಿತ ಸೌರ ಘಟಕವನ್ನು ಅಳವಡಿಸಿಕೊಳ್ಳುತ್ತಾರೆ. ಒಂದೆರಡು ವರ್ಷಗಳಲ್ಲಿ ಬೆಳಕು ಮಂದವಾದಾಗ 'ಬ್ಯಾಟರಿ ಹೋಯಿತು' ಎಂದು ಹೊಸದನ್ನು ತರುತ್ತಾರೆ. ಆದರೆ ದೋಷವು ಹಲವು ಸಲ ಬೇರೆಡೆ ಇರುತ್ತದೆ. ಹೊಸ ಬ್ಯಾಟರಿಗೆ ಹಣ ತೆರುವ ಮೊದಲು ಈ ಲೇಖನದಲ್ಲಿ ತಿಳಿಸಿದ ಪರೀಕ್ಷೆಗಳನ್ನು ಮಾಡಿ ನೋಡಿರಿ.

ಮೊದಲು ಮನೆಯ ಬೇಡಿಕೆಯನ್ನು ಲೆಕ್ಕ ಹಾಕಿರಿ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪಗಳು 5 ತಾಸು, 30 ವ್ಯಾಟ್‌ನ ಎರಡು ಬಿಎಲ್‌ಡಿಸಿ ಫ್ಯಾನ್‌ಗಳು 10 ತಾಸು, 40 ವ್ಯಾಟ್‌ನ ಟಿ.ವಿ. 3 ತಾಸು ನಡೆದರೆ ದಿನಕ್ಕೆ 900 ವ್ಯಾಟ್-ಅವರ್ ಬೇಕು. ತಂತಿ, ಬ್ಯಾಟರಿ, ಉಷ್ಣತೆ ಇವುಗಳಲ್ಲಿ ನಷ್ಟವಾಗುವ ಶೇ. 30ರಷ್ಟನ್ನು ಸೇರಿಸಿದರೆ ಸುಮಾರು 1,285 ಆಗುತ್ತದೆ. ದಿನಕ್ಕೆ ನಾಲ್ಕೂವರೆ ತಾಸು ಪೂರ್ಣ ಬಿಸಿಲೆಂದು ಹಿಡಿದರೆ 285 ವ್ಯಾಟ್, ಅಂದರೆ ಮಾರುಕಟ್ಟೆಯಲ್ಲಿ ಸಿಗುವ 335 ವ್ಯಾಟ್‌ನ ಒಂದು ಫಲಕ ಸಾಕು. ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಹೀಗಾಗಿ ಒಂದು ದಿನದ ಬಳಕೆಗೆ 12 ವೋಲ್ಟ್, 150 ಆಂಪಿಯರ್-ಅವರ್ ಬೇಕಾಗುತ್ತದೆ. ಸತತ ಮೋಡವಿರುವ ದಿನಗಳಲ್ಲಿ ಟಿ.ವಿ. ನಿಲ್ಲಿಸುವುದು ಎರಡನೆಯ ಬ್ಯಾಟರಿ ಕೊಳ್ಳುವುದಕ್ಕಿಂತ ಅಗ್ಗ.

ಈ ಲೆಕ್ಕದಲ್ಲಿ ಇನ್ವರ್ಟರನ್ನು ಹಲವರು ಮರೆಯುತ್ತಾರೆ. ಯಾವ ಉಪಕರಣವೂ ನಡೆಯದಿದ್ದರೂ ಅದು 15-20 ವ್ಯಾಟ್ ಸೆಳೆಯುತ್ತಿದ್ದರೆ, ಹಗಲು ರಾತ್ರಿ ಚಾಲೂ ಇಟ್ಟಾಗ ದಿನಕ್ಕೆ 360-480 ವ್ಯಾಟ್-ಅವರ್ ವ್ಯರ್ಥವಾಗುತ್ತದೆ. ಇದು ಮೇಲಿನ ಇಡೀ ಮನೆಯ ಬೇಡಿಕೆಯ ಅರ್ಧಕ್ಕೆ ಸಮೀಪ! ದೀಪ, ಫ್ಯಾನ್‌ಗಳನ್ನು ನೇರವಾಗಿ 12 ವೋಲ್ಟ್ ಡಿ.ಸಿ.ಯಲ್ಲಿ ನಡೆಸಿ, ಇನ್ವರ್ಟರನ್ನು ಟಿ.ವಿ.ಗೆ ಮಾತ್ರ ಚಾಲೂ ಮಾಡುವುದು ಸೂಕ್ತ.

ಆಯ್ಕೆಯಲ್ಲಿ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಚಾರ್ಜ್ ಕಂಟ್ರೋಲರ್‌ಗೆ ಸಂಬಂಧಿಸಿದ್ದು. 335 ವ್ಯಾಟ್‌ನ 72 ಕೋಶಗಳ ಫಲಕವು ಸುಮಾರು 38 ವೋಲ್ಟ್‌ನಲ್ಲಿ 8.8 ಆಂಪಿಯರ್ ನೀಡುತ್ತದೆ. ಅದನ್ನು ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ, ಆ 8.8 ಆಂಪಿಯರ್ ಬ್ಯಾಟರಿಯ 13.5 ವೋಲ್ಟ್‌ನಲ್ಲಿಯೇ ಹರಿಯುತ್ತದೆ. ದೊರೆಯುವುದು 120 ವ್ಯಾಟ್ ಮಾತ್ರ. ಉಳಿದದ್ದಕ್ಕೆ ಹಣ ಕೊಟ್ಟೂ ಪಡೆದಂತಾಗುವುದಿಲ್ಲ. ಬ್ಯಾಟರಿಯು ದಿನವೂ ಅರೆಹೊಟ್ಟೆಯಲ್ಲಿದ್ದು, ಅದರ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಗೊಳ್ಳುತ್ತದೆ. ಇಂತಹ ಫಲಕಕ್ಕೆ ಎಂಪಿಪಿಟಿ ಕಂಟ್ರೋಲರ್ ಕಡ್ಡಾಯ. ಪಿಡಬ್ಲ್ಯೂಎಂ ಬಳಸುವುದಾದರೆ 36 ಕೋಶಗಳ, 18 ವೋಲ್ಟ್ ಆಸುಪಾಸಿನ ಎರಡು ಫಲಕಗಳನ್ನು ಸಮಾಂತರವಾಗಿ ಜೋಡಿಸಿರಿ. ಆಗ ತಂತಿಯ ಗಾತ್ರವನ್ನೂ ಗಮನಿಸಬೇಕು. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹತ್ತು ಮೀಟರ್ ದೂರ ಹೋಗಿಬರುವಷ್ಟರಲ್ಲಿ ಸುಮಾರು 3 ವೋಲ್ಟ್ ನಷ್ಟವಾಗುತ್ತದೆ. 10 ಚದರ ಮಿ.ಮೀ. ತಂತಿಯಲ್ಲಿ ಮುಕ್ಕಾಲು ವೋಲ್ಟ್‌ನಷ್ಟೇ.

ಎಡೆದೊರೆ ನಾಡಿನ ಬಿಸಿಲು ಸೌರ ಘಟಕಕ್ಕೆ ವರವೆಂಬುದು ಅರ್ಧ ಸತ್ಯ. ಫಲಕದ ಉಷ್ಣತೆ 25 ಡಿಗ್ರಿಯಿಂದ 65ಕ್ಕೆ ಏರಿದರೆ ಉತ್ಪಾದನೆ ಶೇ. 14ರಷ್ಟು ಇಳಿಯುತ್ತದೆ. ತಗಡಿಗೆ ಅಂಟಿಸಿದಂತೆ ಕೂರಿಸದೆ, ಕೆಳಗೆ ಗಾಳಿಯಾಡುವಂತೆ ಗೇಣು ಎತ್ತರದಲ್ಲಿ, ದಕ್ಷಿಣಕ್ಕೆ ಸುಮಾರು 16 ಡಿಗ್ರಿ ಓರೆಯಾಗಿ ನಿಲ್ಲಿಸಿರಿ. ಬ್ಯಾಟರಿಗೆ ಶಾಖ ಇನ್ನೂ ಹೆಚ್ಚು ಮಾರಕ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ತಗಡಿನ ಶೆಡ್ಡಿಗಿಂತ ಮಣ್ಣಿನ ಮಾಳಿಗೆ ಮನೆಯ ತಂಪು, ಗಾಳಿಯಾಡುವ ಮೂಲೆಯೇ ಅದಕ್ಕೆ ತಕ್ಕ ಜಾಗ. ಆದರೆ ಒಲೆಯ ಹತ್ತಿರ ಬೇಡ, ಚಾರ್ಜ್ ಆಗುವಾಗ ಹೊಮ್ಮುವ ಜಲಜನಕ ಹೊತ್ತಿಕೊಳ್ಳಬಲ್ಲದು.

ದೇವಸುಗೂರು ಸುತ್ತಮುತ್ತ ಫಲಕದ ಮೇಲೆ ಎರೆಮಣ್ಣಿನ ಧೂಳಿನ ಜೊತೆ ಹಾರುಬೂದಿಯೂ ಕೂಡುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗಾಜು ಗೀರಾಗುತ್ತದೆ. ಬೆಳಗಿನ ತಂಪಿನಲ್ಲಿ ನೀರು ಸುರಿದು ಮೃದುವಾದ ಬಟ್ಟೆಯಿಂದ ಒರೆಸಿರಿ. ಸವಳು ಬೋರ್‌ವೆಲ್ ನೀರು ಬಿಳಿ ಪೊರೆ ಬಿಡುತ್ತದೆ. ಬ್ಯಾಟರಿಗಂತೂ ಆ ನೀರು ಹಾಕಲೇಬಾರದು, ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು.

ದೋಷ ಪತ್ತೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮಧ್ಯಾಹ್ನ ಫಲಕದ ಸಂಪರ್ಕ ಬಿಡಿಸಿ ಅಳೆದಾಗ 36 ಕೋಶಗಳ ಫಲಕ ಸುಮಾರು 20, 72 ಕೋಶಗಳದ್ದು 40 ವೋಲ್ಟ್ ಅಥವಾ ಹೆಚ್ಚು ತೋರಬೇಕು. 72 ಕೋಶಗಳ ಫಲಕದಲ್ಲಿ ಮೂರನೇ ಒಂದು ಪಾಲು ಕಡಿಮೆಯಿದ್ದರೆ ಹಿಂಬದಿ ಪೆಟ್ಟಿಗೆಯ ಬೈಪಾಸ್ ಡಯೋಡ್ ಕೆಟ್ಟಿರಬಹುದು. ಫಲಕ ಸರಿಯಿದ್ದು, ಚಾರ್ಜ್ ಆಗುವಾಗ ಕಂಟ್ರೋಲರ್ ಬಳಿಗಿಂತ ಬ್ಯಾಟರಿ ತುದಿಯಲ್ಲಿ ವೋಲ್ಟೇಜ್ ಗಮನಾರ್ಹವಾಗಿ ಕಡಿಮೆಯಿದ್ದರೆ ತಂತಿ ತೆಳುವಾಗಿದೆ, ಇಲ್ಲವೇ ಟರ್ಮಿನಲ್ ಸಡಿಲಗೊಂಡು ಕಿಲುಬು ಹಿಡಿದಿದೆ. ಕೊನೆಗೆ ಬ್ಯಾಟರಿ. ಚಾರ್ಜ್ ಮತ್ತು ಬಳಕೆ ಎರಡನ್ನೂ ಕೆಲವು ತಾಸು ನಿಲ್ಲಿಸಿದ ಮೇಲೆ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಹೈಡ್ರೋಮೀಟರ್‌ನಿಂದ ಆರೂ ಕೋಶಗಳ ಆಮ್ಲಸಾಂದ್ರತೆ ಅಳೆಯಿರಿ. ಒಂದು ಕೋಶ ಮಾತ್ರ 0.05ರಷ್ಟು ಹಿಂದುಳಿದರೆ ಆ ಕೋಶ ಕೆಟ್ಟಿರುವ ಸಂಭವ ಹೆಚ್ಚು. ಆರೂ ಒಂದೇ ಸಮ ಕಡಿಮೆಯಿದ್ದರೆ ಬ್ಯಾಟರಿ ಬಹುಶಃ ಹಸಿದಿದೆ, ಸತ್ತಿಲ್ಲ. ಎರಡು ಮೂರು ದಿನ ಬಳಕೆ ನಿಲ್ಲಿಸಿ ಪೂರ್ಣ ಚಾರ್ಜ್ ಮಾಡಿ, ಮತ್ತೆ ಅಳೆದು ನೋಡಿರಿ.

ಬಿಚ್ಚುವಾಗ ಮೊದಲು ಫಲಕ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ. ಈ ಕ್ರಮ ತಪ್ಪಿದರೆ ಕಂಟ್ರೋಲರ್ ಸುಡಬಹುದು. ಫಲಕದ ಮಾರ್ಗಕ್ಕೆ ಮನೆಯ ಎ.ಸಿ. ಬ್ರೇಕರ್ ಹಾಕದೆ ಡಿ.ಸಿ. ಬ್ರೇಕರನ್ನೇ ಹಾಕಿಸಿ, ಬ್ಯಾಟರಿಯ ಧನ ತಂತಿಗೆ ಫ್ಯೂಸ್ ಇರಲಿ. ಬೋರ್‌ವೆಲ್ ಪಂಪನ್ನು ಈ ಘಟಕಕ್ಕೆ ಜೋಡಿಸಬೇಡಿರಿ. ಅದಕ್ಕೆ ಪಿಎಂ-ಕುಸುಮ್ ಯೋಜನೆಯ ಪ್ರತ್ಯೇಕ ಸೌರ ಪಂಪ್‌ಸೆಟ್‌ಗಳಿವೆ.